ಅವ್ವನ ‘ಬಸ್’

ಕಳೆದ ವಾರ ಅಕ್ಕ ಸಿಂಧನೂರಿನ ನಮ್ಮ ಮನೆಗೆ ಬಂದಿದ್ದಳು. ಅವಳು ಸ್ನಾನಕ್ಕೆ ಹೋದಾಗ ನನ್ನ ಮೊಬೈಲಿನ ಚಾರ್ಜರು ಕೈಕೊಟ್ಟಿತು. ಅವಳದ್ದಾದರೂ ಸಿಕ್ಕೀತೆಂದು ಅವಳ ಚೀಲಕ್ಕೆ ಕೈ ಹಾಕಿದೆ. ಹೆಂಗಸರ ಚೀಲಕ್ಕೆ ಕೈ ಹಾಕಬೇಡಿ ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ. ಆ ಮಾತು ಕೇಳಿದ್ದರೆ ಈ ಬರಹ ನಿಮ್ಮ ಕೈಗೆ ಬರುತ್ತಿರಲಿಲ್ಲ. ಒಳಗೆ ಚಾರ್ಜರು ಇರಲಿಲ್ಲ. ಅಂಗೈಯಗಲದ ದಪ್ಪ ಚರ್ಮದ ಬೆಲ್ಟು ಒಂದಿತ್ತು. ಡಬ್ಬಿಯೊಂದರಲ್ಲಿ ಬಿಳಿ ಪುಡಿ ಇತ್ತು. ಎಲ್ಲದರ ಕೆಳಗೆ, ಹಳೆಯ ಸೀರೆಯ ತುಂಡನ್ನು ಸುತ್ತಿ ಮಾಡಿದ ಒಂದು ಸಿಂಬಿ ಇತ್ತು.

ಸಿಂಬಿ ಗೊತ್ತಲ್ಲ ನಿಮಗೆ? ಕೊಡವೋ ಬುಟ್ಟಿಯೋ ಹೊರೆಯೋ, ತಲೆಯ ಮೇಲೆ ಏನನ್ನೇ ಹೊರಬೇಕಾದರೂ ಮೊದಲು ಇಟ್ಟುಕೊಳ್ಳುವ ಬಟ್ಟೆಯ ಬಳೆ. ಈಗಿನ ಮಕ್ಕಳಿಗೆ ತೋರಿಸಿದರೆ ಬೆಕ್ಕು ಮಲಗಲು ಮಾಡಿದ್ದೇ ಎಂದು ಕೇಳಿಯಾರು. ನನ್ನ ಮಗಳು ಕೇಳಿಯೇಬಿಟ್ಟಳು. ಮಸ್ಕಿಯ ಆಸ್ಪತ್ರೆಯಲ್ಲಿ ನರ್ಸಾಗಿರುವ, ನಲವತ್ತು ದಾಟಿದ ನನ್ನ ಅಕ್ಕ ಸುಜಾತಾಳ ಚೀಲದಲ್ಲಿ ಅದಕ್ಕೇನು ಕೆಲಸವೆಂದು ನಾನೂ ಅದನ್ನು ಹಿಡಿದುಕೊಂಡು ಕೂತೆ.

“ಏನ ಹುಡುಕಾಕತ್ತೀಲೇ ತಮ್ಮಾ?” ಅಕ್ಕ ತಲೆ ಒರೆಸಿಕೊಳ್ಳುತ್ತ ಬಂದಳು.

“ಚಾರ್ಜರು. ಇದ್ಯಾಕ ಇಲ್ಲಿ ಐತಿ?”

“ಅವ್ವಂದದು. ಕಬ್ಬಿಣದ ಬಾರು ಹೆಗಲ ಮ್ಯಾಲೆ ಇಟ್ಕೊಂಡು ಕುಂತು ಏಳಬೇಕಲ್ಲ, ಕುತ್ತಿಗಿ ಒತ್ತತೈತಿ. ಅಂಗಡ್ಯಾಗ ಸ್ಪಂಜಿಂದು ಸಿಗತೈತಿ. ಅದು ಇಷ್ಟು ಚಲೋ ಇರಂಗಿಲ್ಲ. ಪಂದ್ಯಾದಾಗ ಹಚ್ಚಾಕ ಬಿಡಂಗಿಲ್ಲ, ತಾಲೀಮಿನ್ಯಾಗ ಅಷ್ಟ.”

ಹೌದು, ನನ್ನ ಅಕ್ಕ ಭಾರ ಎತ್ತುತ್ತಾಳೆ. ಪವರ್ ಲಿಫ್ಟಿಂಗ್ ಎನ್ನುತ್ತಾರೆ. ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು, ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು, ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು: ಅಲ್ಲಿ ಇರುವುದು ಮೂರೇ ಕೆಲಸ. ಕೇಳಲು ಸುಲಭ. ಅವಳ ಆಸೆ ಮಾತ್ರ ಸಣ್ಣದಲ್ಲ. ಎದೆಯ ಮೇಲೆ ‘ಕರ್ನಾಟಕ’ ಎಂದು ಬರೆದ ಅಂಗಿ ತೊಟ್ಟು ಇಡೀ ದೇಶದವರ ಜೊತೆ ನಿಂತು ಎತ್ತಬೇಕು ಎಂಬುದು ಅವಳ ಆಸೆ. ನಾನೊಬ್ಬ ಹೈಸ್ಕೂಲು ಮೇಷ್ಟ್ರು. ನಾನು ದಿನವೂ ಎತ್ತುವ ಅತಿ ದೊಡ್ಡ ಭಾರವೆಂದರೆ ಸೀಮೆಸುಣ್ಣ. ಹಾಗಾಗಿ ಅವಳ ವಿಷಯ ಬರೆಯುವಾಗ ನನ್ನ ಮಾತು ಸ್ವಲ್ಪ ಹೆಚ್ಚಾದರೆ ನೀವು ಸಹಿಸಿಕೊಳ್ಳಬೇಕು.

ಆ ಸಿಂಬಿ ಹಿಡಿದು ಕೂತಾಗ ನನ್ನ ಮೂಗಿಗೆ ಬಡಿದದ್ದು ಭತ್ತದ ಹುಲ್ಲಿನ ವಾಸನೆ. ಅದು ಎಷ್ಟೋ ಸಲ ಒಗೆದ ಬಟ್ಟೆ, ವಾಸನೆ ಉಳಿಯುವುದು ಸಾಧ್ಯವೇ ಇಲ್ಲ. ಆದರೂ ಬಡಿಯಿತು.

ನಮ್ಮದು ಸಂತೆಕಲ್ಲೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿ. ಮಳೆಯನ್ನೇ ನಂಬಿದ ಹೊಲ, ಜೋಳ, ತೊಗರಿ. ಭತ್ತವೆಂದರೆ ಸಿಂಧನೂರು ಕಡೆಯ ಕಾಲುವೆಯವರ ಬೆಳೆ. ಅಲ್ಲಿ ಕೊಯ್ಲು ಶುರುವಾಯಿತೆಂದರೆ ನಮ್ಮ ಓಣಿಯ ಹೆಂಗಸರು ಟ್ರ್ಯಾಕ್ಟರು ಹತ್ತುತ್ತಿದ್ದರು. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದರಿಂದ ಅವ್ವ ನಮ್ಮಿಬ್ಬರನ್ನೂ ಜೊತೆಗೇ ಹತ್ತಿಸಿಕೊಳ್ಳುತ್ತಿದ್ದಳು. ಒಂದು ವರ್ಷ ಸಾಲಗುಂದ, ಇನ್ನೊಂದು ವರ್ಷ ಆರ್.ಎಚ್. ಕ್ಯಾಂಪು. ನನಗೆ ನಿರಾಶ್ರಿತರಾಗಿ ಬಂದು ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿಗಳ ಗದ್ದೆಯೇ ಆಗಬೇಕು. ಗದ್ದೆಯ ಯಜಮಾನಿ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಸಾಸಿವೆ ಎಣ್ಣೆ ಹಾಕಿ, ಉಳ್ಳಾಗಡ್ಡಿ ಹೆಚ್ಚಿ ಕಲಸಿ, ಕಾಗದದಲ್ಲಿ ಕಟ್ಟಿ ತಂದುಕೊಡುತ್ತಿದ್ದಳು. “ತಿನ್ನು ಬಾಬು, ತಿನ್ನು” ಎನ್ನುವುದು ಅವಳಿಗೆ ಬರುತ್ತಿದ್ದ ಕನ್ನಡ. ನನಗೆ ಅಷ್ಟು ಕನ್ನಡ ಧಾರಾಳವಾಗಿ ಸಾಲುತ್ತಿತ್ತು. ನಾನು ಬದುವಿನ ಮೇಲೆ ಕೂತು ತಿನ್ನುತ್ತಿದ್ದೆ, ಅಕ್ಕ ಗದ್ದೆಗೆ ಇಳಿಯುತ್ತಿದ್ದಳು. ನಮ್ಮಿಬ್ಬರ ಮೈಕಟ್ಟಿನ ವ್ಯತ್ಯಾಸ ಅಲ್ಲಿಂದಲೇ ಶುರುವಾಗಿರಬೇಕು.

ಈಗ ದೊಡ್ಡ ಯಂತ್ರ ಗದ್ದೆಗಿಳಿದು ಕೊಯ್ದು, ಬಡಿದು, ಕಾಳು ಸುರಿದು ಹೋಗುತ್ತದೆ. ಆಗ ಕೊಯ್ದ ಭತ್ತವನ್ನು ಹೊರೆ ಕಟ್ಟಿ, ಕೆಸರು ಬದುವಿನ ಮೇಲೆ ಕಣದ ತನಕ ಹೊರಬೇಕಿತ್ತು. ದೊಡ್ಡ ಹೊರೆಯನ್ನು ಹೊರುವವಳು ಒಬ್ಬಳೇ ಎತ್ತಿಕೊಳ್ಳಲು ಆಗುವುದಿಲ್ಲ. ಎದುರಿಗೆ ಇನ್ನೊಬ್ಬಳು ನಿಂತು ಕೈ ಹಚ್ಚಬೇಕು. ಕೈ ಹಚ್ಚುವುದಕ್ಕೂ ಒಂದು ರೀತಿ ಇದೆ. ಹಚ್ಚಿದವಳು ತನ್ನ ಮನಸ್ಸಿಗೆ ಬಂದಾಗ ಬಿಡುವಂತಿಲ್ಲ. ಹೊರೆ ಸಿಂಬಿಯ ಮೇಲೆ ಸರಿಯಾಗಿ ಕೂತು, ಕುತ್ತಿಗೆ ಅದನ್ನು ಹಿಡಿದು, ಹೊರುವವಳು “ಬಸ್” ಎನ್ನಬೇಕು. ಆಗ ಥಟ್ಟನೆ ಕೈ ತೆಗೆಯಬೇಕು. ಮೊದಲೇ ತೆಗೆದರೆ ಹೊರೆ ವಾಲಿ ಕುತ್ತಿಗೆ ಉಳುಕುತ್ತದೆ. ‘ಬಸ್’ ಅಂದ ಮೇಲೂ ಹಿಡಿದಿದ್ದರೆ ಹೊರುವವಳ ಹೆಜ್ಜೆ ತಪ್ಪುತ್ತದೆ. ಅವ್ವನಿಗೆ ಕೈ ಹಚ್ಚುತ್ತಿದ್ದವಳು ಅಕ್ಕ. ತುದಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಮುಖದ ಮೇಲೆಲ್ಲ ಹೊಟ್ಟು ಉದುರಿಸಿಕೊಂಡು, ಅವ್ವನ ‘ಬಸ್’ಗಾಗಿ ಕಾಯುತ್ತಿದ್ದಳು.

ನಿಜಾಮರ ಕಾಲದಿಂದ ನಮ್ಮ ಕಡೆ ಉಳಿದುಕೊಂಡ ಮಾತುಗಳಲ್ಲಿ ಇದೊಂದು. ಸಾಕು ಎಂದರ್ಥ. ತಾಟಿಗೆ ಸಾರು ಹಾಕುವಾಗ ಬಸ್, ಜಗಳ ಹೆಚ್ಚಾದಾಗ ಬಸ್, ಮಗು ಅತ್ತಾಗ ಬಸ್ ಬಸ್. ಬೆಂಗಳೂರು ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ನನ್ನ ಪಕ್ಕ ಊಟಕ್ಕೆ ಕೂತಿದ್ದರು. ಬಡಿಸುವವನಿಗೆ ನಾನು “ಬಸ್ ಬಸ್” ಎಂದದ್ದೇ ತಡ, ಅವರು ಅರ್ಧ ಊಟಕ್ಕೇ ಎದ್ದು ಚೀಲ ಹೆಗಲಿಗೇರಿಸಿದರು. ಅವರನ್ನು ಮತ್ತೆ ಕೂರಿಸಿ ಅನ್ನ ಹಾಕಿಸುವಷ್ಟರಲ್ಲಿ ಸಾರು ಮುಗಿದಿತ್ತು.

ಭಾರ ಎತ್ತುವ ಆಟ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಊರ ಅಗಸಿ ಬಾಗಿಲ ಮುಂದೆ ಒಂದು ಗುಂಡುಕಲ್ಲು ಇರುತ್ತಿತ್ತು. ಹಬ್ಬದ ದಿನ ಹರೆಯದವರು ಅದನ್ನು ಎತ್ತಿ ಹೆಗಲ ಹಿಂದಕ್ಕೆ ಒಗೆಯುತ್ತಿದ್ದರು. ನಮ್ಮ ಓಣಿಯವರು ಅದನ್ನು ದೂರದಿಂದ ನೋಡಬೇಕಿತ್ತು, ಮುಟ್ಟುವ ಹಾಗಿರಲಿಲ್ಲ. ಸಿಟ್ಟಿಗೆದ್ದ ನಮ್ಮ ಹುಡುಗರು ಹಳ್ಳದಿಂದ ತಮ್ಮದೇ ಒಂದು ಕಲ್ಲು ಉರುಳಿಸಿ ತಂದು ಬೇವಿನ ಗಿಡದ ಕೆಳಗೆ ಇಟ್ಟರು. ಬಹಳ ಜಂಬದಿಂದ ಇಟ್ಟರು. ಇಟ್ಟ ದಿನವೇ, ಹೆಣ್ಣುಮಕ್ಕಳು ಇದನ್ನು ಮುಟ್ಟಬಾರದು ಎಂದರು. ಒಂದು ಮಧ್ಯಾಹ್ನ ಎಲ್ಲರೂ ಹೊಲದಲ್ಲಿದ್ದಾಗ ಅಕ್ಕ ಲಂಗವನ್ನು ಕಚ್ಚೆ ಹಾಕಿ ಅದನ್ನು ಮೊಣಕಾಲ ತನಕ ಎತ್ತಿದಳು. ನೋಡಿದವರು ಇಬ್ಬರೇ, ನಾನು ಮತ್ತು ಕಟ್ಟಿಹಾಕಿದ್ದ ಒಂದು ಆಡು. ಆಡು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಏಕೆಂದರೆ ಹೇಳಿದರೆ ನನ್ನನ್ನೂ ಆ ಕಲ್ಲಿನ ಹಾಗೆ ಎತ್ತುತ್ತೇನೆ ಎಂದಿದ್ದಳು. ಎತ್ತುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಆಮೇಲೆ ಅವಳು ಓದಿದಳು, ನರ್ಸಾದಳು, ಮದುವೆಯಾದಳು, ಎರಡು ಮಕ್ಕಳಾದವು. ಕಲ್ಲಿನ ಮಾತು ಎಲ್ಲರಿಗೂ ಮರೆತುಹೋಯಿತು. ಅದನ್ನು ಮತ್ತೆ ಮೇಲಕ್ಕೆ ತಂದವನು ನಾನು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಅದು ನಡೆದ ರೀತಿ ಮಾತ್ರ ಅಷ್ಟು ಹೆಮ್ಮೆಯದಲ್ಲ.

ಕೆಲವು ವರ್ಷಗಳ ಹಿಂದೆ ಡಾಕ್ಟರು ನನ್ನ ಹೊಟ್ಟೆಯನ್ನು ನೋಡಿ, “ಮೇಷ್ಟ್ರೇ, ಸ್ವಲ್ಪ ಕದಲಿ” ಎಂದರು. ನಾನು ಸಿಂಧನೂರಿನ ಒಂದು ಜಿಮ್ಮಿಗೆ ಸೇರಿದೆ. ಹೊಸ ಬೂಟು, ಹೊಸ ಚಡ್ಡಿ, ಹೆಗಲಿಗೊಂದು ಟವೆಲು. ಸುತ್ತಲೂ ಕನ್ನಡಿ, ಎತ್ತ ತಿರುಗಿದರೂ ನನ್ನ ಹೊಟ್ಟೆಯೇ ಎದುರಾಗುತ್ತಿತ್ತು. ಒಂದು ಸಂಜೆ ಪಕ್ಕದ ಹುಡುಗನ ಎದುರು ಮರ್ಯಾದೆ ಉಳಿಸಿಕೊಳ್ಳಲು ಬೆಂಚಿನ ಮೇಲೆ ಮಲಗಿ, ನನ್ನ ಯೋಗ್ಯತೆಗೆ ಮೀರಿದ ಕಬ್ಬಿಣವನ್ನು ಎದೆಯ ಮೇಲೆ ಇಳಿಸಿಕೊಂಡೆ. ಇಳಿಯಿತು. ಮೇಲಕ್ಕೆ ಹೋಗಲಿಲ್ಲ. ಆ ಹುಡುಗ ಅಷ್ಟರಲ್ಲಿ ನೀರು ಕುಡಿಯಲು ಹೊರಗೆ ಹೋಗಿದ್ದ. ಕೂಗೋಣವೆಂದರೆ ಎದೆಯಲ್ಲಿ ಉಸಿರಿಗೆ ಜಾಗವಿಲ್ಲ. ಅಂದೇ ಅಕ್ಕ ಮಸ್ಕಿಯಿಂದ ಬಂದಿದ್ದಳು. ನಮ್ಮ ಮನೆಗೆ ಬೀಗ ಹಾಕಿದ್ದನ್ನು ನೋಡಿ ಕೀಲಿಕೈ ಕೇಳಲು ಜಿಮ್ಮಿಗೇ ಬಂದಳು. ಬಾಗಿಲಲ್ಲಿ ಅವಳ ಸೀರೆ ಕಂಡಾಗ ನನಗೆ ಹೋದ ಜೀವ ಬಂದಂತಾಯಿತು.

“ಅಕ್ಕಾ, ಕೈ ಹಚ್ಚು” ಎಂದು ಹೇಗೋ ಹೇಳಿದೆ.

ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಬಂದು, ಬಾಗಿ, ಆ ಬಾರನ್ನು ನನ್ನ ಎದೆಯಿಂದ ಎತ್ತಿದಳು. ಎತ್ತಿ ಹಾಗೇ ಹಿಡಿದುಕೊಂಡು ನಿಂತಳು. ನಾನು ಮೀನಿನ ಹಾಗೆ ಬಾಯಿ ಬಿಡುತ್ತ ಮಲಗಿದ್ದೆ. ಅವಳು ಇಡುತ್ತಲೇ ಇಲ್ಲ. ಅಷ್ಟರಲ್ಲಿ ಓಡಿಬಂದ ಜಿಮ್ಮಿನ ತರಬೇತುದಾರ, “ಮೇಡಂ, ಇಡ್ರಿ, ಸ್ಟ್ಯಾಂಡಿನ ಮ್ಯಾಲೆ ಇಡ್ರಿ” ಎಂದ.

“ತಮ್ಮ ಇನ್ನೂ ಬಸ್ ಅಂದಿಲ್ಲಲ್ರೀ” ಎಂದಳು ಅಕ್ಕ.

ನಾನು ಬಸ್ ಎಂದೆ. ಆಗ ಇಟ್ಟಳು. ತರಬೇತುದಾರ ಬಾರನ್ನೂ ಅವಳನ್ನೂ ಎರಡೆರಡು ಸಲ ನೋಡಿದ. “ಎಲ್ಲಿ ಪ್ರಾಕ್ಟೀಸ್ ಮಾಡ್ತೀರಿ ಮೇಡಂ?”

“ವಾರ್ಡಿನ್ಯಾಗ. ಮೂರ ಮಂದಿ ಎತ್ತೋ ಪೇಶಂಟನ್ನ ಒಬ್ಬಾಕೀನ ಎತ್ತಿ ಹೊಳ್ಳಸಿ ಮಲಗಸ್ತೀನಿ.”

ಅವನು ನಗಲಿಲ್ಲ. ಮಸ್ಕಿಯಲ್ಲಿ ಹುಸೇನ್ ಉಸ್ತಾದ್ ಎಂಬುವವರು ಇದ್ದಾರೆ, ಹೋಗಿ ನೋಡಿ ಎಂದು ಒತ್ತಾಯ ಮಾಡಿ ಹೇಳಿದ. ನಾನು ಮರುದಿನದಿಂದ ಜಿಮ್ಮಿಗೆ ಹೋಗುವುದನ್ನು ಬಿಟ್ಟೆ. ಅಕ್ಕ ಉಸ್ತಾದರ ತಾಲೀಮಿಗೆ ಹೋಗುವುದನ್ನು ಶುರು ಮಾಡಿದಳು.

ಹುಸೇನ್ ಉಸ್ತಾದರದ್ದು ಮೊದಲು ಕುಸ್ತಿಯವರ ತಾಲೀಮು, ಅಂದರೆ ಗರಡಿಮನೆ. ಕೆಮ್ಮಣ್ಣಿನ ಅಖಾಡ ಈಗಲೂ ಒಂದು ಕಡೆ ಇದೆ. ಇನ್ನೊಂದು ಕಡೆ ಕಬ್ಬಿಣದ ಬಾರು, ಅದಕ್ಕೆ ಪೋಣಿಸುವ ತೂಕದ ಚಕ್ರಗಳು. ಹೆಣ್ಣುಮಗಳೊಬ್ಬಳು ಬಂದು ಸೇರಿಸಿಕೊಳ್ಳಿ ಎಂದಾಗ ಉಸ್ತಾದರಿಗೆ ಸಂಕೋಚವಾಯಿತು. ನರ್ಸೆಂದ ಮೇಲೆ ಅವರಿಗೂ ಅವಳು ‘ಸಿಸ್ಟರ್’.

“ಹಂಗಲ್ಲ ಸಿಸ್ಟರ್, ಇಲ್ಲಿ ಗಂಡಸರು ಲಂಗೋಟಿ ಮ್ಯಾಲೆ ಇರ್ತಾರ…”

“ನಾ ದಿನಾ ಆಸ್ಪತ್ರ್ಯಾಗ ನೋಡೋರು ಅದಕ್ಕಿಂತ ಕಮ್ಮಿ ಬಟ್ಟ್ಯಾಗ ಇರ್ತಾರ ಉಸ್ತಾದ್” ಎಂದಳಂತೆ ಅಕ್ಕ.

ಉಸ್ತಾದರು ಬಾಯಿ ಮುಚ್ಚಿಕೊಂಡು ಬಾಗಿಲು ತೆರೆದರು. ಅವರು ಕಲಿಸುವಾಗ ನಾನು ಎಷ್ಟೋ ಸಲ ಹೋಗಿ ಕೂತಿದ್ದೇನೆ. “ಕಮರ್ ಸೀದಾ, ಸಿಸ್ಟರ್! ನಜರ್ ಮ್ಯಾಲೆ! ಆಹಿಸ್ತಾ, ಆಹಿಸ್ತಾ!” ಸೊಂಟ ನೇರ, ಕಣ್ಣು ಮೇಲೆ, ನಿಧಾನ. ಪಂದ್ಯದ ನಿಯಮ ಹೇಳಿಕೊಟ್ಟ ದಿನವೂ ನಾನಿದ್ದೆ. ನೆಲದಿಂದ ಎತ್ತಿ ನೆಟ್ಟಗೆ ನಿಂತ ಮೇಲೆ ತೀರ್ಪುಗಾರರು ಕೈ ಕೆಳಗೆ ಮಾಡಿ ‘ಡೌನ್’ ಎನ್ನುತ್ತಾರೆ, ಅಲ್ಲಿಯ ತನಕ ಹಿಡಿದೇ ಇರಬೇಕು, ಮೊದಲು ಬಿಟ್ಟರೆ ಎತ್ತಿದ್ದೇ ಲೆಕ್ಕಕ್ಕಿಲ್ಲ ಎಂದರು ಉಸ್ತಾದ್. ದೊಡ್ಡ ದೊಡ್ಡವರು ಇಲ್ಲೇ ಎಡವುತ್ತಾರೆ ಎಂದೂ ಸೇರಿಸಿದರು. ಅಕ್ಕ ನಕ್ಕಳು. “ಹೇಳೋತನಕ ಬಿಡಬಾರದು, ಹೇಳಿದ ಮ್ಯಾಲೆ ಹಿಡೀಬಾರದು, ಅಷ್ಟ ಹೌದಲ್ಲ? ಇದು ನನಗ ಲಂಗಾ ಉಡೋ ವಯಸ್ಸಿನ್ಯಾಗ ಬಂದೈತಿ ಬಿಡ್ರಿ.”

ಅಕ್ಕನ ಮೇಲೆ ನನಗೆ ಪ್ರೀತಿ ಮೊದಲಿನಿಂದಲೂ ಇತ್ತು. ಗೌರವವೆನ್ನುವುದು ಆ ತಾಲೀಮಿನಲ್ಲಿ ಕೂತು ನೋಡುವಾಗ ಹುಟ್ಟಿತು. ರಾತ್ರಿ ಪಾಳಿ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ಬಂದವಳು ನೇರ ಬಾರಿನ ಮುಂದೆ ನಿಲ್ಲುತ್ತಿದ್ದಳು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಗಟ್ಟಿಯಾಗಿ, ಮತ್ತೆ ಏಳುತ್ತಿತ್ತು. ಒಂದು ಮಳೆಗಾಲವಿಡೀ ಸೊಂಟ ಹಿಡಿದುಕೊಂಡು ಏನನ್ನೂ ಎತ್ತುವ ಹಾಗಿರಲಿಲ್ಲ. ಆಗಲೂ ದಿನಾ ಬಂದು ಬರಿ ಕೋಲು ಹಿಡಿದು ಬಾಗುವುದು, ಏಳುವುದು ಮಾಡಿದಳು. ಅದು ನೋಡಲು ಏನೇನೂ ಚಂದವಿರಲಿಲ್ಲ, ಯಾರೂ ಚಪ್ಪಾಳೆ ತಟ್ಟುವಂಥದ್ದೂ ಅಲ್ಲ. ನಾನು ಮೂರು ದಿನ ಬೆಳಗಿನ ನಡಿಗೆಗೆ ಹೋಗಿ, ನಾಲ್ಕನೆಯ ದಿನ ಮೋಡವಿದೆಯೆಂದು ಮಲಗಿದವನು. ಮಾಮ, ಅಂದರೆ ಅಕ್ಕನ ಗಂಡ, ನನಗಿಂತ ಎಷ್ಟೋ ಮೇಲು. ಅವರು ರೊಟ್ಟಿ ಬಡಿಯುವುದನ್ನೇ ಕಲಿತುಬಿಟ್ಟರು. ಮೊದಲಿಗೆ ಅವರ ರೊಟ್ಟಿ ರಾಯಚೂರು ಜಿಲ್ಲೆಯ ನಕಾಶೆಯ ಹಾಗಿರುತ್ತಿತ್ತು, ಈಗ ದುಂಡಗಾಗಿದೆ.

ನಾನೂ ನನ್ನ ಕೈಲಾದ ಸೇವೆ ಮಾಡಲು ಹೋದೆ. ಕೈ ಜಾರದಿರಲು ಬಿಳಿ ಪುಡಿ ಬೇಕು, ಅದನ್ನು ಚಾಕ್ ಎನ್ನುತ್ತಾರೆ ಎಂದು ಕೇಳಿ, ಚಾಕಿಗೆ ನಮ್ಮಲ್ಲೇನು ಬರ ಎಂದು ಅಂಗಡಿಯಿಂದ ಸೀಮೆಸುಣ್ಣ ತಂದು, ಮನೆಯ ಒರಳಲ್ಲಿ ಕುಟ್ಟಿ, ಸೋಸಿ, ಡಬ್ಬಿ ತುಂಬಿ ಒಯ್ದು ಕೊಟ್ಟೆ. ಅಕ್ಕ ಹಚ್ಚಿಕೊಂಡು ಬಾರು ಹಿಡಿದಳು. ಸೋಪು ಹಚ್ಚಿದ ಹಾಗೆ ಜಾರಿತು. ಉಸ್ತಾದರು ಚಿಟಿಕೆಯಷ್ಟು ತೆಗೆದು ಉಜ್ಜಿ ನೋಡಿ, “ಮಾಸ್ಟರ್ ಸಾಬ್, ಇದರಿಂದ ಬೋರ್ಡ್ ಮ್ಯಾಲೆ ಬರೀರಿ” ಎಂದರು. ಆ ಒರಳಲ್ಲಿ ಆಮೇಲೆ ಕುಟ್ಟಿದ ಚಟ್ನಿ ಬಹಳ ದಿನ ಬೆಳ್ಳಗೇ ಇತ್ತು.

ಎಲ್ಲರೂ ಹೀಗೆ ಒಂದು ಕಡೆಯಾದರೆ ಅವ್ವ ಒಬ್ಬಳೇ ಇನ್ನೊಂದು ಕಡೆ. ಅವಳು ಮಸ್ಕಿಯಲ್ಲಿ ಅಕ್ಕನ ಜೊತೆಗೇ ಇರುತ್ತಾಳೆ. ಅಕ್ಕ ಚೀಲ ಹಿಡಿದು ಹೊರಟರೆ ಸಾಕು, ಶುರು.

“ಬಸ್ ಮಾಡ ಬೇ ಇನ್ನ. ನಾ ಹೊಟ್ಟಿಗಾಗಿ ಹೊತ್ತೆ. ನೀ ಯಾತಕ್ಕ ಹೊರಾಕತ್ತೀ? ನಿನ್ನ ತಲಿ ಮ್ಯಾಲೆ ಹೊರಿ ಬರಬಾರದಂತನ ಸಾಲಿ ಕಲಿಸೀನಿ. ಸರ್ಕಾರಿ ಪಗಾರ ತಗೊಂಡು ಯಾರರ ಹಮಾಲಿ ಮಾಡ್ತಾರೇನ?”

ಅವ್ವನ ಕುತ್ತಿಗೆ ಈಗಲೂ ಪೂರ್ತಿ ಎಡಕ್ಕೆ ತಿರುಗುವುದಿಲ್ಲ. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾಳೆ. ಆ ಕುತ್ತಿಗೆಯ ಮುಂದೆ ನಿಂತು, ಇದು ಆಟ, ಇದರಲ್ಲಿ ಆನಂದವಿದೆ ಎಂದು ಹೇಳಲು ಅಕ್ಕನಿಗೆ ಬಾಯಿ ಬರುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಹೋಗುತ್ತಿದ್ದಳು. ತಾನು ಎತ್ತಬಲ್ಲೆನೆಂಬ ಧೈರ್ಯ ಅವಳಿಗೆ ಇತ್ತು. ಅವ್ವನಿಗೆ ನೋವು ಕೊಟ್ಟು ಎತ್ತುತ್ತಿದ್ದೇನೆ ಎಂಬ ಮುಳ್ಳೊಂದು ಮಾತ್ರ ಒಳಗೇ ಉಳಿದಿತ್ತು. ಒಮ್ಮೆ ನನ್ನೆದುರು ಹೇಳಿಯೂ ಹೇಳಿದಳು. “ಅವ್ವ ಒಂದ ಸಲ ಹೂಂ ಅಂದ್ರ, ಇನ್ನೂ ಎರಡು ಚಕ್ರ ಜಾಸ್ತಿ ಎತ್ತತೀನಿ ಅನ್ನಸ್ತೈತಲೇ ತಮ್ಮಾ.”

ಹೋದ ಚಳಿಗಾಲದಲ್ಲಿ ಲಿಂಗಸುಗೂರಿನಲ್ಲಿ ಜಿಲ್ಲೆಯ ಆಯ್ಕೆ ಪಂದ್ಯ ನಡೆಯಿತು. ಅವಳ ತೂಕದ ಗುಂಪಿನಲ್ಲಿ ಇಬ್ಬರಿಗೆ ರಾಜ್ಯದ ಪಂದ್ಯಕ್ಕೆ ಅವಕಾಶ, ಅಲ್ಲಿ ಗೆದ್ದರೆ ‘ಕರ್ನಾಟಕ’ ಎಂದು ಬರೆದ ಆ ಅಂಗಿ. ಹೊರಡುವ ಬೆಳಿಗ್ಗೆ ನಾನೂ ಮಸ್ಕಿಗೆ ಹೋಗಿದ್ದೆ. ಅಕ್ಕ ಮನೆಯ ಬುದ್ಧನ ಫೋಟೋದ ಮುಂದೆ ಕೈ ಮುಗಿದು ನಿಂತಿದ್ದಾಗ ಅವ್ವ ಹೊಸ ಸೀರೆ ಉಟ್ಟು ಹೊರಗೆ ಬಂದಳು.

“ನೀ ಎಲ್ಲಿಗಬೇ?” ಎಂದೆ.

“ಅಕೀ ಏನರ ಮುರಕೊಂಡ್ರ ಹಿಡಿಯಾಕ ಒಬ್ರು ಬೇಕಲ್ಲ?”

ಪಂದ್ಯ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ವಧೂವರರ ಸಿಂಹಾಸನಗಳನ್ನು ಮೂಲೆಗೆ ಸರಿಸಿ, ವೇದಿಕೆಯ ಮೇಲೆ ಹಲಗೆ ಹಾಸಿ ಬಾರು ಇಟ್ಟಿದ್ದರು. ಹಿಂದಿನ ಮದುವೆಯ ಹೂವಿನ ತೋರಣ ಇನ್ನೂ ಹಾಗೇ ಇತ್ತು, ಅದರ ಕೆಳಗೆ ನಿಂತು ಹೆಣ್ಣುಮಕ್ಕಳು ಕಬ್ಬಿಣ ಎತ್ತುತ್ತಿದ್ದರು. ಹೆಚ್ಚಿನವರು ಅಕ್ಕನ ಅರ್ಧ ವಯಸ್ಸಿನವರು. ಮೊದಲ ಎರಡು ಬಗೆ ಮುಗಿದಾಗ ಅಕ್ಕ ಮೂರನೆಯ ಸ್ಥಾನದಲ್ಲಿದ್ದಳು. ಉಳಿದದ್ದು ನೆಲದಿಂದ ಎತ್ತುವುದು, ಅವಳ ಕೈಗೆ ಒಗ್ಗಿದ್ದು. ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲನೆಯದನ್ನು ಹಗುರಾಗಿ ಎತ್ತಿದಳು. ಎರಡನೆಯದಕ್ಕೆ ಉಸ್ತಾದರು ಹೇಳಿದ ತೂಕ ಕೇಳಿ ಅವ್ವ ನನ್ನ ಪಕ್ಕೆ ತಿವಿದಳು. “ಎಷ್ಟು ಚೀಲ ಆತು ಅದು?”

“ಹತ್ತತ್ರ ಎರಡು ಚೀಲ ಭತ್ತ.”

ಅವ್ವ ಎದೆಗೆ ಕೈ ಹಚ್ಚಿಕೊಂಡಳು. ಅಷ್ಟು ಎತ್ತಿದರೆ ಅಕ್ಕ ಎರಡನೆಯ ಸ್ಥಾನಕ್ಕೆ ಬರುತ್ತಿದ್ದಳು.

ಅಕ್ಕ ಬಾಗಿ ಹಿಡಿದಳು. ಬಾರು ಬಿಲ್ಲಿನ ಹಾಗೆ ಬಗ್ಗಿತು, ಆಮೇಲೆ ನೆಲ ಬಿಟ್ಟಿತು. ಮೊಣಕಾಲು ದಾಟಿತು, ತೊಡೆಗೆ ಬಂತು, ಅಕ್ಕ ನೆಟ್ಟಗಾದಳು. ಕೊರಳಿನ ನರಗಳು ಎದ್ದು ನಿಂತಿದ್ದವು. ತೀರ್ಪುಗಾರರ ಕೈ ಇನ್ನೂ ಮೇಲೇ ಇತ್ತು. ಆಗ ನನ್ನ ಪಕ್ಕದಿಂದ, ಹೊಲದಿಂದ ಹೊಲಕ್ಕೆ ಕೇಳಿಸುವಂಥ ಆ ಹಳೆಯ ದನಿ ಎದ್ದಿತು.

“ಬಸ್!”

ಅಕ್ಕನ ಕೈಗಳು ಥಟ್ಟನೆ ಬಿಟ್ಟುಕೊಂಡವು. ಬಾರು ಹಲಗೆಯ ಮೇಲೆ ಬಿದ್ದ ಸದ್ದಿಗೆ ತೋರಣದ ಹೂಗಳು ಉದುರಿದವು. ತೀರ್ಪು ತೋರಿಸುವ ಮೂರೂ ದೀಪ ಕೆಂಪಗೆ ಹತ್ತಿದವು, ಎತ್ತಿದ್ದು ಲೆಕ್ಕಕ್ಕಿಲ್ಲ.

“ಯಾ ಅಲ್ಲಾ! ಡೌನ್ ಅಂದಿಲ್ಲ ಸಿಸ್ಟರ್, ಯಾಕ ಬಿಟ್ರಿ?” ಉಸ್ತಾದರು ತಲೆಯ ಮೇಲೆ ಕೈ ಹೊತ್ತು ಕೇಳಿದರು.

“ಅವ್ವ ಬಸ್ ಅಂದ್ಲಲ್ರೀ” ಎಂದಳು ಅಕ್ಕ, ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತ.

ಬೇರೆ ಊರಿನಿಂದ ಬಂದಿದ್ದ ತೀರ್ಪುಗಾರರು, “ಯಾವ ಬಸ್ಸು? ಹೊರಡುವ ಹೊತ್ತಾಯಿತಾ?” ಎಂದು ಕೇಳಿದರು. ಜನ ಘೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಅವ್ವನಿಗೆ ಏನೋ ತಪ್ಪಾಯಿತೆಂದು ಮಾತ್ರ ಗೊತ್ತಾಗಿತ್ತು. ನಾನು ಮೆಲ್ಲಗೆ ವಿವರಿಸಿದೆ: ಎತ್ತಿದ್ದು ಸರಿಯಾಗಿತ್ತು, ಅವರು ಇಳಿಸು ಅನ್ನುವ ತನಕ ಹಿಡಿಯಬೇಕಿತ್ತು, ಈಗ ಒಂದೇ ಅವಕಾಶ ಉಳಿದಿದೆ. ಅವ್ವ ಪೂರ್ತಿ ಕೇಳಲೂ ಇಲ್ಲ. ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ವೇದಿಕೆಯ ಪಕ್ಕ ಅಕ್ಕ ಕೂತಿದ್ದಲ್ಲಿಗೆ ಹೋಗಿಬಿಟ್ಟಳು. ನಾನು ಹಿಂದೆ ಓಡಿದೆ.

“ನಿನ್ನ ಕೊಳ್ಳಿನ ನರಾ ನೋಡಿ ಜೀವ ತಡೀಲಿಲ್ಲ. ಸಾಕು ಅಂದೆ. ನೀ ಯಾಕ ಬಿಟ್ಟಿ?” ಎಂದಳು ಅವ್ವ.

“ನೀ ಅಂದ್ರ ನನ್ನ ಕೈ ಬಿಡತಾವಬೇ. ನಾ ಏನ ಮಾಡ್ಲಿ?” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವ್ವ ವೇದಿಕೆಯ ಮೇಲಿದ್ದ ಬಾರನ್ನು ನೋಡಿದಳು. ಅದು ಎಡಗಡೆಗಿತ್ತು, ಹಾಗಾಗಿ ಇಡೀ ಮೈ ತಿರುಗಿಸಿ ನೋಡಿದಳು.

“ಅದನ್ನ ಎತ್ತಿ ಎಲ್ಲಿತನಕ ಒಯ್ಯಬೇಕು?”

“ಎಲ್ಲಿಗೂ ಇಲ್ಲಬೇ. ಎತ್ತಿ ನೆಟ್ಟಗ ನಿಲ್ಲೋದು. ಮತ್ತ ಅಲ್ಲೇ ಇಡೋದು.”

“ಯಾರ ಕಣಕ್ಕೂ ಒಯ್ಯೋದಿಲ್ಲ?”

“ಯಾರ ಕಣಕ್ಕೂ ಇಲ್ಲ.”

“ಯಾರ ಹೊರಿ ಮತ್ತ ಅದು?”

“ಯಾರದೂ ಅಲ್ಲ. ನಂದ. ನನಗ ಎತ್ತಬೇಕು ಅನ್ನಸ್ತೈತಿ, ಎತ್ತತೀನಿ.”

ಇಷ್ಟು ವರ್ಷ ಈ ಮಾತನ್ನು ನಾವ್ಯಾರೂ ಅವಳಿಗೆ ಹೇಳಿರಲಿಲ್ಲ. ಹೊತ್ತದ್ದನ್ನು ಇನ್ನೊಬ್ಬರ ಅಂಗಳದ ತನಕ ಒಯ್ಯಲೇಬೇಕು ಎಂದಷ್ಟೇ ತಿಳಿದಿದ್ದ ಹೆಂಗಸು ಅವಳು. ಮುಖದಲ್ಲಿ ಏನೋ ಸಡಿಲವಾಯಿತು.

“ಮೊದಲ ಹೇಳಬಾರದೇನ ಇದನ್ನ?” ಎಂದು ಗದರಿದಳು. ಅಕ್ಕನ ಹಣೆಯ ಬೆವರನ್ನು ತನ್ನ ಹೊಸ ಸೀರೆಯ ಸೆರಗಿನಿಂದ ಒರೆಸಿದಳು. “ಹೋಗು, ಎತ್ತು. ನಾ ಬಾಯಿ ತೆರಿಯಂಗಿಲ್ಲ.”

ಮೂರನೆಯ ಸಲ ಅದೇ ತೂಕ. ಅಕ್ಕನ ತೋಳುಗಳು ಆಗಲೇ ದಣಿದಿದ್ದವು. ಬಾರು ನೆಲ ಬಿಡಲು ಬಹಳ ಹೊತ್ತು ತೆಗೆದುಕೊಂಡಿತು. ಮೊಣಕಾಲ ಹತ್ತಿರ ನಿಂತೇಬಿಟ್ಟಿತು. ಕಾಲು ನಡುಗುವುದು ನಮಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಉಸ್ತಾದರು ಕಣ್ಣು ಮುಚ್ಚಿಕೊಂಡಿದ್ದರು. ಅವ್ವ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ನನ್ನ ಮುಂಗೈಯನ್ನು ಅಮುಕಿ ಹಿಡಿದಿದ್ದಳು. ಅಕ್ಕನಿಗೆ ಆ ಶಕ್ತಿ ಎಲ್ಲಿಂದ ಬಂತೆಂದು ನನಗೆ ಆಗ ಮೂಳೆಗೆ ತಾಗುವಂತೆ ಗೊತ್ತಾಯಿತು. ಬಾರು ಮತ್ತೆ ಕದಲಿತು. ತೊಡೆಗೆ ಬಂತು. ಅಕ್ಕ ಹೆಗಲು ಹಿಂದೆ ಮಾಡಿ ನೆಟ್ಟಗೆ ನಿಂತಳು. ತೀರ್ಪುಗಾರರು ಈ ಸಲ ಬೇಕೆಂದೇ ತಡ ಮಾಡಿದರೋ, ನನಗೇ ಹಾಗೆ ಅನಿಸಿತೋ ಗೊತ್ತಿಲ್ಲ. ಅವಳು ಹಿಡಿದೇ ಇದ್ದಳು. ಆಮೇಲೆ ಅವರ ಕೈ ಕೆಳಗಿಳಿಯಿತು, “ಡೌನ್” ಎಂದರು.

ಅಕ್ಕ ನಿಧಾನವಾಗಿ, ಮಲಗಿದ ಮಗುವನ್ನು ಇಳಿಸಿದ ಹಾಗೆ, ಬಾರನ್ನು ನೆಲಕ್ಕಿಟ್ಟಳು. ಮೂರೂ ದೀಪ ಬೆಳ್ಳಗೆ ಹತ್ತಿದವು. ಮಸ್ಕಿಯಿಂದ ಬಂದವರೆಲ್ಲ ಕುರ್ಚಿಯ ಮೇಲೆ ಹತ್ತಿ ಕೂಗಿದರು, ನಾನೂ ಹತ್ತಿದೆ, ನನ್ನ ಕುರ್ಚಿ ಮಾತ್ರ ಮುರಿಯಿತು. ಉಸ್ತಾದರು ಕಣ್ಣು ಒರೆಸಿಕೊಳ್ಳುತ್ತ ಯಾರದೋ ಕೈ ಹಿಡಿದು ಕುಲುಕುತ್ತಿದ್ದರು. ಅಕ್ಕ ಎರಡನೆಯ ಸ್ಥಾನಕ್ಕೆ ಬಂದಿದ್ದಳು.

ಅವಳು ವೇದಿಕೆ ಇಳಿದು ನೇರ ಅವ್ವನ ಹತ್ತಿರ ಬಂದಳು. ಅವ್ವನ ಬಾಯಲ್ಲಿ ಸೆರಗು ಇನ್ನೂ ಹಾಗೇ ಇತ್ತು. ಅಕ್ಕ ಅದನ್ನು ಮೆಲ್ಲಗೆ ಎಳೆದು ತೆಗೆದು ನಕ್ಕಳು.

“ಮುಗೀತಬೇ. ಈಗ ಅನ್ನು ಬಸ್ ಅಂತ.”

“ಅನ್ನಂಗಿಲ್ಲ” ಎಂದಳು ಅವ್ವ. “ಇನ್ನ ಬಾಳ ಎತ್ತೋದೈತಿ ನೀ.”